ಮಾತ್ರೆ

ಹನ್ನೊಂದು ವರ್ಷ
ಹಡಗಿನ ಊಟದ ಕೋಣೆಯಲ್ಲಿ ಪಿಯಾನೊ ನುಡಿಸಿದವಳು ನಾನು.
ಲಿಯೆಪಾಯಾ ಬಂದರು ಬಿಟ್ಟರೆ ಇಡೀ ರಾತ್ರಿ,
ಚಮಚಗಳ ಸದ್ದಿಗಿಂತ ಒಂದೆಳೆ ಮೇಲೆ,
ಮಾತಿಗಿಂತ ಒಂದೆಳೆ ಕೆಳಗೆ.
ಯಾರೂ ಕಿವಿಗೊಡದ ಹಾಗೆ ಚೆನ್ನಾಗಿ ನುಡಿಸುವುದು
ಅದೂ ಒಂದು ವಿದ್ಯೆಯೇ.

ಈಗ ಮೂವತ್ತೊಂಬತ್ತಕ್ಕೆ ಮತ್ತೆ ಬೆಂಚು,
ಮತ್ತೆ ಕ್ಯಾಂಟೀನಿನ ಬೀಟ್‌ರೂಟ್ ಸಾರು.
ಜೊತೆಯವರು ಇಪ್ಪತ್ತಮೂರರ ಹುಡುಗಿಯರು,
ಮೊದಲ ದಿನ ನನ್ನನ್ನು ಗುಮಾಸ್ತೆ ಅಂದುಕೊಂಡು
ಶುಲ್ಕದ ರಸೀದಿ ಕೇಳಿದರು.

ಮೆದುಳಿನ ಚಿತ್ರ ಬರೆದೆವು, ಬಣ್ಣ ತುಂಬಿದೆವು.
ಮಾತಿಗೆ ಎಡಗಡೆ ಸ್ವಂತ ಮನೆ, ಬಾಗಿಲು, ಚಿಲಕ.
ಹಾಡು ಹಾಗಲ್ಲ.
ಅಲ್ಲಿಷ್ಟು ಇಲ್ಲಿಷ್ಟು ಚಾಪೆ ಹಾಸಿಕೊಂಡಿರುತ್ತದೆ
ಹೋಗುವ ದಿನ ಹೇಳದ ನೆಂಟನಂತೆ.
ಮನೆ ಕುಸಿದ ರಾತ್ರಿ
ಬದುಕಿ ಉಳಿಯುವುದು ಆ ನೆಂಟನೇ ಇರಬಹುದು,
ಎಂದರು ಪ್ರೊಫೆಸರ್. ಬರೆದುಕೊಂಡೆವು.

ಅರ್ಹತೆಗೆ ಬೇಕಾದ ಗಂಟೆಗಳಿಗೆ ಒಂದು ನೀಲಿ ಪುಸ್ತಕ.
ಗಂಟೆಗೊಂದು ಸಹಿ.
ಅರವತ್ತೆರಡನೆಯ ಗಂಟೆಗೆ ಸಿಕ್ಕಿದ್ದು
ಟಾಲಿವಾಲ್ಡಿಸ್, ಬಂದರಿನ ಕ್ರೇನ್ ನಡೆಸಿದಾತ.
ಬಲಗೈ ತೊಡೆಯ ಮೇಲೆ, ಯಾರೋ ಮರೆತು ಹೋದ ಕೈಚೀಲ.
ಲಕ್ವ ಹೊಡೆದ ಮೇಲೆ ಒಂದೇ ಪದ ಉಳಿದಿದೆ: ನಾಳೆ.
ಸಾರು ಬಿಸಿಯಾದರೆ ನಾಳೆ. ನೋವಾದರೆ ನಾಳೆ.
ಮಗಳು ಬಂದು ಹಣೆ ಮುಟ್ಟಿದರೆ
ನಾಳೆ, ನಾಳೆ.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ಆಡದೆಯೂ ಹೋಗುತ್ತದೆ.

ಮೊದಲ ವಾರ ನಾನು ತಂದೆ ಸುಗ್ಗಿಯ ಹಾಡು,
ದೋಣಿಯ ಹಾಡು, ಆತನ ಯೌವನದ ಕುಣಿತದ ಗತ್ತು.
ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದೆ.
ಎಷ್ಟು ಚೆನ್ನಾಗಿತ್ತು!
ನರ್ಸುಗಳು ಬಾಗಿಲಿಗೆ ಬಂದು ನಿಂತರು.

ವಿಡಿಯೊ ನೋಡಿದರು ಮಿರ್ಡ್ಜಾ, ನನ್ನ ಮಾರ್ಗದರ್ಶಿ,
ದನಿ ಪೂರ್ತಿ ಇಳಿಸಿ.
'ಇಲ್ಲಿ ನೋಡು, ಆತನ ಎಡಗೈ ಎದ್ದಿತು.
ಇಲ್ಲಿ ನೀನೊಂದು ಸೊಗಸಾದ ತಿರುವು ಹಾಕಿದೆ.
ಇಲ್ಲಿ ಕೈ ಇಳಿಯಿತು.'
ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೇಳಿದರು:
'ಇನ್ನೂ ಯಾರಿಗೆ ಊಟ ಬಡಿಸುತ್ತಿದ್ದೀ?'

ಕೋಟು ನೇತುಹಾಕುವ ಗೂಟಗಳ ನಡುವೆ ನಿಂತು
ಯಾರದೋ ತೋಳಿನಲ್ಲಿ ಮುಖ ಒರೆಸಿಕೊಂಡೆ.
ಒದ್ದೆ ಉಣ್ಣೆ. ನಾಯಿಯ ವಾಸನೆ.

ಆಮೇಲೆ ಮೂರೇ ಮಾತ್ರೆ ನುಡಿಸಿದೆ.
ನಾಲ್ಕನೆಯದನ್ನು ಬಿಟ್ಟೆ.
ಒಂದು, ಎರಡು, ಮೂರು,

ಬಿಸಿನೀರಿನ ಕೊಳವೆ ಗುಟುಕೆಂದಿತು.
ಒಂದು, ಎರಡು, ಮೂರು,

ನರ್ಸ್ ಬಂದು ತನ್ನ ಮಾತ್ರೆಗಳನ್ನು ಕೊಟ್ಟು ಹೋದಳು:
ಬಿಳಿಯದು ರಕ್ತಕ್ಕೆ, ಹಳದಿಯದು ನಿದ್ದೆಗೆ.
ನನ್ನದಕ್ಕೆ ಬಣ್ಣವಿಲ್ಲ, ನುಂಗಲು ನೀರು ಬೇಡ,
ಯಾತಕ್ಕೆ ಎಂದು ಕೇಳಿದ್ದರೆ
ನನ್ನ ಬಳಿ ಉತ್ತರವೂ ಇರಲಿಲ್ಲ.
ಬಿಟ್ಟ ಜಾಗದಲ್ಲಿ ಬೆರಳು ತುರಿಸುತ್ತಿತ್ತು,
ಹನ್ನೊಂದು ವರ್ಷದ ಚಟ.

ಎರಡು ವಾರ ಏನೂ ಆಗಲಿಲ್ಲ. ಏನೂ ಅಂದರೆ ಏನೂ.

ಎಪ್ಪತ್ತೊಂದನೆಯ ಗಂಟೆ, ಶನಿವಾರ.
ಆತನ ಎಡಗೈ ಮೇಲೆದ್ದಿತು, ಅಂಗೈ ನೆಲಕ್ಕೆ,
ಗಾಳಿಯನ್ನು ನಿಧಾನ ಒತ್ತುತ್ತ.
ಹಡಗುಕಟ್ಟೆಯಲ್ಲಿ ಬೆಳೆದವಳಿಗೆ ಆ ಸನ್ನೆ ಗೊತ್ತು:
ಇಳಿಸು. ಇನ್ನೂ. ಇನ್ನಷ್ಟು ಮೆಲ್ಲಗೆ.
ನಲವತ್ತು ವರ್ಷ ಮೇಲೆ ಕೂತು ಕೆಳಗಿನವರಿಂದ ಪಡೆದದ್ದನ್ನು
ಈಗ ನನಗೆ ಕೊಡುತ್ತಿದ್ದಾನೆ.
ಇಳಿಸಿದೆ. ಸ್ವರ ನೆಲ ಮುಟ್ಟುವ ಹೊತ್ತಿಗೆ
ಕೈ ಮುಷ್ಟಿಯಾಯಿತು.
ನಿಲ್ಲಿಸು.

ನಿಲ್ಲಿಸಿದೆ.
ಉಳಿದ ಮೂವತ್ತೆಂಟು ನಿಮಿಷ ಇಬ್ಬರೂ ಕೂತೆವು,
ನಡುವೆ ಏನೋ ಭಾರವಾದದ್ದು
ಒಡೆಯದೆ ಇಳಿದು ಕೂತ ಹಾಗೆ.

ನೀಲಿ ಪುಸ್ತಕದಲ್ಲಿ ಏನು ಬರೆಯಲಿ?
'ನುಡಿಸಲಿಲ್ಲ' ಎಂದು ಬರೆದೆ.
ಮಿರ್ಡ್ಜಾ ಓದಿ ಸಹಿ ಹಾಕಿದರು,
ಅಕ್ಷರ ತಪ್ಪೊಂದನ್ನು ತಿದ್ದಿ.

ಅಂದು ಹೊರಡುವಾಗ ಬಾಗಿಲವರೆಗೂ
ಆತನ ಕಣ್ಣು ಹಿಂದೆ ಬಂತು. ನಾಳೆ, ಎಂದ.
ನಾಳೆ ಭಾನುವಾರ, ನನಗೆ ರಜೆ.
ಹೂಂ ಅಂದೆ.