ಎರವಲು ಕೋಟು

ಪೆಟ್ಟಿಗೆ ನಲವತ್ತೊಂದು.
ಹದಿನೇಳು ಪಟ, ಹದಿನೇಳು ಜನ, ಒಂದೇ ಕೋಟು.
ಬೂದು ಉಣ್ಣೆ, ಅಗಲ ಕಾಲರು.
ಹತ್ತನೆಯ ಪಟದಿಂದಾಚೆ ಮಾತ್ರ
ಮೂರನೇ ಗುಂಡಿ ಬೇರೆ ಕುಲದ್ದು.

ಲೀಡ್ಸಿನ ಚಾಪೆಲ್‌ಟೌನ್ ರಸ್ತೆ, ಚರ್ಚಿನ ನೆಲಮಾಳಿಗೆ,
ಕೆಮ್ಮುವ ಹೀಟರು, ಹತ್ತಿಯ ಕೈಗವಸು.
ಕಪ್ಪು ಜನರ ನೆನಪಿಗೆ ನಂಬರು ಹಚ್ಚುವುದು ನನ್ನ ಕೆಲಸ.
ಪಟಕ್ಕೊಂದು ಫಾರಂ,
ಫಾರಂನ ಕೊನೆಗೆ ಆ ಒಂದು ಕಾಲಂ:
ಹಕ್ಕುಸ್ವಾಮ್ಯ ಯಾರದು?

ಅರವತ್ತೆರಡರ ಚಳಿ ನಲ್ಲಿಯ ನೀರನ್ನೂ ಕಟ್ಟಿಹಾಕಿದಾಗ
ಹಡಗಿಳಿದು ಬಂದವರಿಗೆ ಆಸ್ವಿನ್ ಪೆಂಬರ್ಟನ್
ಸ್ಟುಡಿಯೋದ ಮೊಳೆಯಿಂದ ತೆಗೆದು ತೊಡಿಸುತ್ತಿದ್ದ ಕೋಟು.
ಕ್ಲಿಕ್.
ಅವ್ವಾ, ಬೆಚ್ಚಗಿದ್ದೇನೆ ಎಂಬ ಸುಳ್ಳು
ಅಂಚೆಚೀಟಿ ಹಚ್ಚಿಕೊಂಡು ನೆವಿಸ್ ದ್ವೀಪಕ್ಕೆ ಹೋಗುತ್ತಿತ್ತು.
ಕೋಟು ಮತ್ತೆ ಮೊಳೆಗೆ.

ಭಾನುವಾರದ ಪ್ರಾರ್ಥನೆ ಮುಗಿಸಿ, ಹ್ಯಾಟು ತೆಗೆಯದೆ,
ಮೆಟ್ಟಿಲಿಗೊಮ್ಮೆ ದೇವರನ್ನು ಕರೆಯುತ್ತ
ಇಳಿದು ಬಂದಳು ಯುರೆಟಾ ಲಿಬರ್ಡ್.
ಒಂಬತ್ತನೆಯದರ ಮೇಲೆ ಬೆರಳಿಟ್ಟಳು.
'ಇದು ನಾನು. ಅಂದರೆ ಇದು ನನ್ನದು.'

ಹೇಗೆ ಹೇಳಲಿ,
ಮುಖ ಬೇರೆ, ಮುಖದ ಪಟದ ಒಡೆತನ ಬೇರೆ ಎಂದು?
ಇದೇ ಕೇರಿ ಎಂಬತ್ತೊಂದರಲ್ಲಿ ಉರಿದ ರಾತ್ರಿ
ಪತ್ರಿಕೆಯವರ ಕಪಾಟಿನಲ್ಲಿದೆ.
ನಮ್ಮ ಹುಡುಗರ ಕೈಕೋಳವನ್ನು ನಮ್ಮ ಗೋಡೆಗೆ ತೂಗಲು
ನಾವೇ ಶುಲ್ಕ ಕಟ್ಟಿ ರಸೀದಿ ಪಡೆದೆವು.
ಕಾನೂನಿಗೆ ಕಣ್ಣಿಲ್ಲ ಅನ್ನುತ್ತಾರೆ. ಕ್ಯಾಮೆರಾಕ್ಕೆ ಇದೆ.
ಕಣ್ಣಿನ ಹಿಂದೆ ಯಾರದೋ ಕಿಸೆಯೂ ಇದೆ.

ಆದರೂ ಹೇಳಿದೆ: 'ಮಿಸ್ ಯುರೆಟಾ, ಆ ಕಾಲದ ಕಾಯಿದೆ ವಿಚಿತ್ರ.
ದುಡ್ಡು ಕೊಟ್ಟು ತೆಗೆಸಿಕೊಂಡಿದ್ದರೆ ಹಕ್ಕು ನಿಮ್ಮದು,
ಬಿಟ್ಟಿ ತೆಗೆದಿದ್ದರೆ ಅವನದು.'
ಪೆಂಬರ್ಟನ್ನನ ಲೆಕ್ಕದ ಪುಸ್ತಕ ಬಿಡಿಸಿದೆವು.
ಹನ್ನೊಂದು ಹೆಸರಿನ ಮುಂದೆ ಏಳು ಶಿಲಿಂಗು, ಆರು ಪೆನ್ಸು.
ಆರು ಹೆಸರಿನ ಮುಂದೆ, ಪೆನ್ಸಿಲಿನಲ್ಲಿ, 'ಆಮೇಲೆ'.
ಒಂಬತ್ತನೆಯದು, ಆಮೇಲೆ.

ಕುರ್ಚಿ ಎಳೆದುಕೊಂಡಳು.
'ಆಮೇಲೆ ಕೊಟ್ಟೆ. ಆರು ಭಾನುವಾರ, ತೆಂಗಿನಕಾಯಿಯ ರೊಟ್ಟಿ.
ಬಾಡಿಗೆ ಕೋಣೆಯ ಗ್ಯಾಸ್ ಮೀಟರಿಗೆ
ನಾಣ್ಯ ಹಾಕಿ ಹಾಕಿ ಬೇಯಿಸಿದ್ದು.
ಬರೆದುಕೋ.'
ಕಾಯಿದೆಯಲ್ಲಿ ನಿಜಕ್ಕೂ ಇದೆ ಆ ಮಾತು:
ಹಣ, ಇಲ್ಲವೇ ಹಣದ ಬೆಲೆಯುಳ್ಳದ್ದು.
ರೊಟ್ಟಿಯ ವಾಸನೆಗೆ ಸಾಕ್ಷಿ ಎಲ್ಲಿ ತರಲಿ?

ಮೇಜಿನ ಮೇಲೆ ಎರಡು ಅರ್ಜಿ.
ಒಂದು ಬಿಯರ್ ಕಂಪನಿಯದು:
ಹೊಸ ಬಾರಿನ ಗೋಡೆ ತುಂಬ ಒಂಬತ್ತನೇ ಪಟ ಬೇಕು,
'ಅನಾಥ ಕೃತಿಯೆಂದು ಭಾವಿಸಿದ್ದೇವೆ.'
ಇನ್ನೊಂದು ಶಾಲೆಯ ಹುಡುಗಿಯದು, ಗೆರೆಹಾಳೆಯಲ್ಲಿ:
'ಇದನ್ನು ನೋಡಿ ನಾನು ಚಿತ್ರ ಬಿಡಿಸಬಹುದೇ?
ಯಾರನ್ನು ಕೇಳಬೇಕು?'

'ಅನಾಥೆಯಂತೆ!' ಯುರೆಟಾ ನಕ್ಕು ನಕ್ಕು ಹ್ಯಾಟು ಓರೆಯಾಯಿತು.
'ಮೂರು ಮಕ್ಕಳು, ಎಂಟು ಮೊಮ್ಮಕ್ಕಳು ಈ ಅನಾಥೆಗೆ.'

ಡಾರ್ಬಿಯಲ್ಲಿ ಪೆಂಬರ್ಟನ್ನನ ಮಗಳಿದ್ದಾಳೆ, ಡೆಲ್ಫಿನ್.
ಪತ್ರ ಬರೆದೆ. ಹನ್ನೆರಡು ದಿನಕ್ಕೆ ಉತ್ತರ:
'ಹುಡುಗಿಗೆ ಕೊಡಿ. ಗೋಡೆಯ ಮಾತು ಆ ಹೆಂಗಸಿನದು.'
ಆ ಹೆಂಗಸನ್ನು ಕೇಳಿದೆ.
'ಹುಡುಗಿಗೆ ಕೊಡು. ಗೋಡೆಯ ಮಾತು ಆಸ್ವಿನ್ನನ ಮಗಳದು.'
ಹೀಗೆ ಯಾರೂ ಬಾಯಿಬಿಟ್ಟು ಹೇಳದ ಒಂದು 'ಬೇಡ'
ಎರಡು ಊರಿನ ನಡುವೆ ಓಡಾಡುತ್ತಲೇ ಇತ್ತು.
ಕಾದು ಬೇಸತ್ತ ಕಂಪನಿ ಬೇರೆ ಮುಖ ಹುಡುಕಿಕೊಂಡಿತು.

ಕಾಲಂನಲ್ಲಿ ಇಬ್ಬರ ಹೆಸರೂ ಬರೆದೆ,
ನಡುವೆ ಒಂದು ಪ್ರಶ್ನೆಚಿಹ್ನೆ.
ಪೆಟ್ಟಿಗೆ ಮುಚ್ಚಲು ಹೋದರೆ ಯುರೆಟಾ ಕೈ ಅಡ್ಡ ಹಿಡಿದಳು:
'ಆ ಗುಂಡಿ. ಪಟ ತೆಗೆದಾದ ಮೇಲೆ ನನ್ನ ಕೈಯಲ್ಲೇ ಉದುರಿ
ಎಲ್ಲೋ ಉರುಳಿಹೋಯಿತು.
ನನ್ನ ಕಾರ್ಡಿಗನ್ನಿನದನ್ನು ಕಿತ್ತು ಹೊಲಿದುಕೊಟ್ಟೆ.
ಎರವಲು ತೊಟ್ಟದ್ದು, ಮತ್ತೆ?'

ಹತ್ತರಿಂದ ಹದಿನೇಳರವರೆಗೆ
ಎಲ್ಲರ ಎದೆಯ ಮೇಲೂ ಅವಳ ಗುಂಡಿ.
ಹದಿನಾಲ್ಕನೆಯವನು ನನ್ನಜ್ಜ.
ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಬರೆದಿಟ್ಟೆ, ಪೆನ್ಸಿಲಿನಲ್ಲಿ.