ದಿ ಇಲ್ಲದ ಊರು

ಗಾಜಿನ ಲೋಟಕ್ಕೆ ಸುತ್ತಿಕೊಂಡು ಬಂದದ್ದು ಈ ಹಾಳೆ.
ಎದುರುಮನೆಯ ಫಾಯಿಝಾ, ಕಜಾನಿನಲ್ಲಿ ಡಾಕ್ಟರಿಕೆ ಕಲಿಯುವವಳು,
ರಜೆಗೆ ಬಂದಾಗ ನನಗೊಂದು ಲೋಟ ತಂದಳು.
ಹಾಳೆಯನ್ನು ಬಿಸಾಡಲು ಮನಸ್ಸಾಗಲಿಲ್ಲ. ಅಭ್ಯಾಸ:
ಅಚ್ಚಾದ ಪ್ರಶ್ನೆ ಕಂಡರೆ ಕೈ ಕೆಂಪು ಪೆನ್ನು ಹುಡುಕುತ್ತದೆ.

ಮೇಲೆ ಎರಡು ಸಾಲು ಅವರ ಲಿಪಿ,
ತಿರುಗಿ ನಿಂತ ಆರ್, ಮಗುಚಿದ ಎನ್.
ಕೆಳಗೆ ಇಂಗ್ಲಿಷು, ನಮ್ಮದೇ ಇಂಗ್ಲಿಷು:
ಲಂಡನ್ನಿನ ಗಡಿಯಾರ, ಕೆಂಪು ಬಸ್ಸು,
ಓದಿ, ಐದು ಪ್ರಶ್ನೆಗೆ ಉತ್ತರಿಸಿ.
ಆ ಬಸ್ಸು ಅಲ್ಲಿಯ ಮಕ್ಕಳೂ ಹತ್ತಿರಲಾರರು.

ಆ ಎರಡು ಸಾಲಿನಲ್ಲಿ ಏನಿದೆಯೇ? ಎಂದೆ.
ಬಿಟ್ಟ ಸ್ಥಳ ತುಂಬಿ, ಅಷ್ಟೇ ಟೀಚರ್.
ನೆನಪಾಯಿತು ಹೋದ ವರ್ಷದ ಓಣಂ ಪರೀಕ್ಷೆ:
ಕನ್ನಡ ಮೀಡಿಯಂ ಎಂದು ಬರೆದ ಕಟ್ಟಿನೊಳಗೆ
ಸೂಚನೆಗಳೆಲ್ಲ ಮಲಯಾಳದಲ್ಲಿ.
ಇಡೀ ಏಳನೇ ಬಿ ನನ್ನ ಮುಖ ನೋಡಿತು,
ನಾನು ಬೆಂಚಿನಿಂದ ಬೆಂಚಿಗೆ ಬಾಗಿ ಪಿಸುಗುಟ್ಟಿದೆ,
ಬಿಟ್ಟ ಸ್ಥಳ ತುಂಬಿ ಮಕ್ಕಳೇ, ಅಷ್ಟೇ.

ಮೂಲೆಯಲ್ಲಿ ಪೆನ್ಸಿಲಿನ ಹೆಸರು. ಝೆನ್ಯ, ಎಂದು ಓದಿದಳು.
ಹುಡುಗನೋ ಹುಡುಗಿಯೋ ಈ ಹೆಸರಿನಿಂದ ಹೇಳಲಾಗದಂತೆ.
ಇರಲಿ, ಮಗು ಎಂದರಾಯಿತು, ಕನ್ನಡ ಅಷ್ಟು ಕೊಡುತ್ತದೆ.
ಮೂರನೆಯ ಪ್ರಶ್ನೆ: ಮೈ ಫಾದರ್, ಒಂದು ಗೆರೆ, ಡ್ರೈವರ್.
ಗೆರೆಯ ಮೇಲೆ ಮಗು ಏನೂ ಬರೆದಿಲ್ಲ,
ಬರೆದು ಉಜ್ಜಿದ ಗುರುತೂ ಇಲ್ಲ.
ಫಾಯಿಝಾ ನಕ್ಕಳು: ಅವರ ಮಾತಿನಲ್ಲಿ ಅದು ತುಂಬಿಯೇ ಇದೆ ಟೀಚರ್,
ಅಪ್ಪ, ಡ್ರೈವರ್, ಮುಗಿಯಿತು.

ನನ್ನ ಅಪ್ಪ ಡ್ರೈವರ್.
ಮೆಲ್ಲಗೆ ಹೇಳಿ ನೋಡಿದೆ. ನಮ್ಮಲ್ಲೂ
ಆ ಎರಡು ಶಬ್ದಗಳ ನಡುವೆ
ಒಂದು ಇರುವೆಗೂ ಜಾಗವಿಲ್ಲ.
ಇಂಗ್ಲಿಷಿನವರು ಮಾತ್ರ ಅಲ್ಲೊಂದು ಮೊಳೆ ಹೊಡೆಯುತ್ತಾರೆ, ಈಸ್,
ಪಕ್ಕದಲ್ಲಿ ಇನ್ನೂ ಸಣ್ಣದೊಂದು, ಎ.
ಅವನ್ನು ಹೊಡೆದು ಹೊಡೆದು ನನಗೆ ಹತ್ತೊಂಬತ್ತು ವರ್ಷ.

ದಿ ಅಂದರೆ ಕನ್ನಡದಲ್ಲಿ ಏನು ಟೀಚರ್?
ಒಂದೇ ಒಂದು ಇರುವುದಕ್ಕೆ ದಿ. ಸೂರ್ಯನಿಗೆ. ಚಂದ್ರನಿಗೆ.
ಉಪ್ಪಳಕ್ಕೆ?
ಉಪ್ಪಳಕ್ಕೆ ಹಾಕಬಾರದು.
ಹಾಗಾದರೆ ಉಪ್ಪಳ ಎರಡಿದೆಯಾ ಟೀಚರ್?
ಕೇಳಿದವಳು ತನ್ಸೀಹಾ.
ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ಮಲಯಾಳ,
ಜಗಳಕ್ಕೆ ತುಳು, ನನ್ನೆದುರು ಕನ್ನಡ,
ಐದನೆಯದರಲ್ಲಿ ಮಾತ್ರ ಹತ್ತಕ್ಕೆ ನಾಲ್ಕು.
ಎರಡಿದೆ ಎಂದು ನಾಲಿಗೆಯ ತುದಿಗೆ ಬಂತು:
ಬೋರ್ಡಿನ ಮೇಲೆ ಒಂದು, ಬಾಯಲ್ಲಿ ಒಂದು.
ಅಷ್ಟರಲ್ಲಿ ಮಂಗಳೂರಿನ ರೈಲು ಹಾದು
ಕಿಟಕಿ ಗದಗದ ನಡುಗಿ, ಪ್ರಶ್ನೆ ಅಲ್ಲೇ ಉಳಿಯಿತು.

ಶನಿವಾರದ ಪರೀಕ್ಷೆಗೆ ಝೆನ್ಯನ ಮೂರನೆಯ ಪ್ರಶ್ನೆಯನ್ನೇ
ಕದ್ದು ಹಾಕಿದೆ. ಉತ್ತರ: ಈಸ್ ಎ.
ಹದಿನೈದು ಪೇಪರಿನಲ್ಲಿ ಹನ್ನೊಂದು ಸರಿ,
ಮೂರು ಖಾಲಿ,
ತನ್ಸೀಹಾ ಬರೆದದ್ದು ವಾಸ್ ಎ.
ಕೆಂಪು ಗೆರೆ ಅರ್ಧ ಎಳೆದಾಗಿತ್ತು.
ಬೆಳಿಗ್ಗೆ ಗೇಟಿನ ಹತ್ತಿರದ ಸ್ಟ್ಯಾಂಡಿನಲ್ಲಿ ನಾನು ಹತ್ತಿದ ರಿಕ್ಷಾ,
ಹಿಂದುಗಡೆ ಹಳದಿಯಲ್ಲಿ ಬರೆದ ತನ್ಸೀಹಾ,
ಎದುರು ಕುಳಿತವನು ಯಾರೋ ಹೊಸಬ.
ಅವಳಪ್ಪ ಎಲ್ಲಿ ಎಂದರೆ,
ಮಾರಿ ತಿಂಗಳಾಯಿತು ಟೀಚರ್, ಹೆಸರು ಅಳಿಸಲು ಪುರುಸೊತ್ತಿಲ್ಲ ಎಂದಿದ್ದ.

ಅರ್ಧ ಗೆರೆಯನ್ನು ತಿದ್ದಿ ಸರಿ ಗುರುತು ಮಾಡಿದೆ.
ನೋಡಿದವರಿಗೆ ಮೊದಲು ಏನಿತ್ತೆಂದು ಗೊತ್ತಾಗುತ್ತದೆ.

ಝೆನ್ಯನ ಖಾಲಿ ಗೆರೆಗೆ ಅಂಕ ಹಾಕಿಲ್ಲ.
ಅಲ್ಲಿಯ ಅಪ್ಪ ಇನ್ನೂ ಡ್ರೈವರೋ, ಏನೋ.
ಲೋಟದ ತಳ ಸ್ವಲ್ಪ ಓರೆ, ಚಾ ಒಂದು ಕಡೆಗೆ ವಾಲುತ್ತದೆ.
ಇನ್ನು ಇಪ್ಪತ್ತಾರು ಪೇಪರು.