ಒಲೆ ಲೆಕ್ಕ

ಯುಗಾದಿಯ ಮರುದಿನ ಭದ್ರಾವತಿಯ ಪೇಪರ್ ಟೌನಿನಲ್ಲಿ
ಬಾಗಿಲು ಗುರುತಾಗದೆ ಅದೇ ಓಣಿ ಎರಡು ಸಲ ನಡೆದೆ.
ಮೂರನೇ ಸಲ ಸೈಕಲ್ ಹುಡುಗಿಯೊಂದು ಕೇಳಿತು,
"ಯಾರ ಮನೆ ಬೇಕಿತ್ತು?"
ಗುತ್ಯಪ್ಪನವರ ಮನೆ ಎಂದೆ.
ಮಾವನ ಮನೆ ಎನ್ನಲು ನಾಲಿಗೆಗೆ ಅಭ್ಯಾಸವಿರಲಿಲ್ಲ.

ಹೊರಡುವಾಗ ಅವ್ವ ಹೇಳಿದ್ದಳು:
"ಕರೆದಿದಾರೆ, ಹೋಗು. ಉಂಡು ಬಾ. ಏನೂ ತರಬೇಡ."
ಇಪ್ಪತ್ತೇಳು ವರ್ಷ ಅವಳು ಆ ಬಸ್ಸು ಹತ್ತಿಲ್ಲ.
ಶಿವಮೊಗ್ಗದಿಂದ ಅರ್ಧ ಗಂಟೆ ದಾರಿ,
ನಡುವೆ ಅಪ್ಪನ ಜಾತಿ.

ಟಾರ್ಪಾಲಿನ ನೆರಳಲ್ಲಿ ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತಿದ್ದರು.
ನನ್ನನ್ನು ನೋಡಿದರು, ಬೆಳ್ಳುಳ್ಳಿ ನೋಡಿದರು, ಮತ್ತೆ ನನ್ನನ್ನು.
ಒಬ್ಬಾಕೆ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ
"ಮೂಗು ಬಂಗಾರಿಯದೇ ಕಣ್ರೇ" ಎಂದಳು,
ಕಳುವಾದ ಚೊಂಬು ಸಿಕ್ಕ ಹಾಗೆ.

ಆಮೇಲೆ ಪಾಠ:
ಇವಳು ನಿನಗೆ ಅತ್ತಿಗೆಯಾಗಬೇಕು, ಇವಳು ಅತ್ತೆ,
ಅತ್ತೆಯಾದರೂ ನಿನಗಿಂತ ಮೂರು ವರ್ಷ ಚಿಕ್ಕವಳು;
ಆ ಮೀಸೆಯವನು ಹಾಲೇಶ, ವರಸೆಯಲ್ಲಿ ನಿನಗೆ ಗಂಡಾಗಬೇಕಿತ್ತು,
ಎಂದದ್ದೇ ಎಲ್ಲರೂ ನಕ್ಕರು,
ಹಾಲೇಶನ ಹೆಂಡತಿ ಎಲ್ಲರಿಗಿಂತ ಜೋರಾಗಿ.
ನಾನು ಎಲ್ಲರಿಗೂ ನೀವು, ನೀವು.
"ಏನೇ, ಬ್ಯಾಂಕಿಗೆ ಬಂದಿದೀಯಾ?"
ಬೈಸಿಕೊಂಡ ಮೇಲೆ ಹೆಗಲು ಸ್ವಲ್ಪ ಇಳಿಯಿತು.

ಹಿತ್ತಲಲ್ಲಿ ಮಾವ ಪಾಲು ಹಾಕುತ್ತಿದ್ದ.
ಮೂವತ್ತು ವರ್ಷ ಕಾರ್ಖಾನೆಯಲ್ಲಿ ರೀಲು ತೂಗಿದ ಕೈ,
ತಕ್ಕಡಿ ಮುಟ್ಟುವುದಿಲ್ಲ, ಕಣ್ಣಳತೆಯೇ ಸಾಕು.
ಗೇಟು ಮುಚ್ಚಿದ ವಾರ ಹೊತ್ತು ತಂದ ಸುದ್ದಿಕಾಗದದ ಸುರುಳಿ,
ಒಂದಕ್ಷರವೂ ಅಚ್ಚಾಗದೆ ಹಳದಿಗಟ್ಟಿದ್ದು,
ಅದನ್ನೇ ಹರಿದು ಹಾಸಿ, ಒಲೆಗೊಂದು ಗುಡ್ಡೆ ಬಾಡು.
ಬೇರೆಯಾದವರದು ಸೇರಿಸು, ಒಲೆ ಆರಿದವರದು ತೆಗೆ.
"ಹನ್ನೊಂದು" ಎಂದ ಹಾಲೇಶ.
"ಹನ್ನೆರಡು ಹಾಳೆ ಹಾಸು ಅಂದೆ."
ಹಾಲೇಶ ಬೆರಳು ಮಡಚಿ ಮತ್ತೆ ಎಣಿಸಿದ. ಹನ್ನೊಂದೇ.
"ನಿನ್ನ ಲೆಕ್ಕ ನೀನಿಟ್ಕೋ. ಹಾಳೆ ಹಾಸು."

ಹನ್ನೊಂದು ಗುಡ್ಡೆಯಿಂದಲೂ ಚೂರುಚೂರು ಹೆಕ್ಕಿ
ಹನ್ನೆರಡನೆಯದು ಎದ್ದಿತು.
ಯಾರೂ ಏನೂ ಅನ್ನಲಿಲ್ಲ. ನೊಣ ಮಾತ್ರ.
ನನ್ನ ಕಡೆ ನೋಡದೆ ಮಾವ ಕೇಳಿದ,
"ನಿಮ್ಮವ್ವ ಈಗಲೂ ಕರುಳು ತಿಂತಾಳಾ?"
"ಗೊತ್ತಿಲ್ಲ ಮಾವ. ನಮ್ಮನೇಲಿ ಬರೀ ಕೋಳಿ."
ಅವನು ತೊಳೆದ ಕರುಳನ್ನು ಒಂದು ಮೊಳ ಅಳೆದು ಹಾಕಿದ.
ಆಮೇಲೆ ಇನ್ನೊಂದು ಮೊಳ.

ಸಂಜೆ ಎಲ್ಲರೂ ಚಂದ್ರನ ನೋಡಲು ತಾರಸಿಗೆ.
ಹೊಗೆ ಬಿಡದ ಚಿಮಣಿಯ ಎಡಕ್ಕೆ ಎಂದರು ಕೆಲವರು,
ನೀರಿನ ಟ್ಯಾಂಕಿನ ಮೇಲೆ ಎಂದಿತು ಸೈಕಲ್ ಹುಡುಗಿ.
ನನಗೆ ಕಾಣಲಿಲ್ಲ. ಕಂಡಿತು ಎಂದೆ.
ಹಿರಿಯರ ಕಾಲಿಗೆ ಬೀಳುವಾಗ ಮಾವನ ಹಿಮ್ಮಡಿ ಕಂಡೆ,
ಅವ್ವನದೇ ಬಿರುಕು, ಅದೇ ಜಾಗದಲ್ಲಿ.
"ಏಳು, ಬಸ್ಸು ತಪ್ಪುತ್ತೆ" ಎಂದ ಮಾವ.
ಒಳ್ಳೇದಾಗ್ಲಿ ಅನ್ನುವುದನ್ನು ಮರೆತ.

ಬಸ್ಸಿನಲ್ಲಿ ತೊಡೆಯ ಮೇಲೆ ಪೊಟ್ಟಣ.
ಪಕ್ಕದವಳು ಸೆರಗು ಸರಿಸಿಕೊಂಡು ಕಿಟಕಿ ತೆರೆದಳು.

ಮನೆಯಲ್ಲಿ ಅವ್ವ ಬಿಚ್ಚಿದಳು.
ಬೇಡ ಎಂದಿದ್ದೆನಲ್ಲಾ ಎನ್ನಲಿಲ್ಲ.
ಮೊದಲು ಮುಟ್ಟಿದ್ದು ಬಾಡನ್ನಲ್ಲ, ಸುತ್ತಿದ್ದ ಹಾಳೆಯನ್ನು.
ಬೆರಳ ನಡುವೆ ಹಿಡಿದು ಉಜ್ಜಿ ನೋಡಿದಳು.
"ಅಣ್ಣನ ಕಾಗದ" ಎಂದಳು.
ಒದ್ದೆಯಾಗದ ತುದಿಯನ್ನು ಹರಿದು ನಾಲ್ಕಾಗಿ ಮಡಚಿ
ಸಾಸಿವೆ ಡಬ್ಬಿಯ ಕೆಳಗಿಟ್ಟಳು.
ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಗುಡ್ಡೆ ಕೆದಕಿ:
"ಮೂಳೆ ಕಡಿಮೆ ಹಾಕಿದಾನೆ. ಮೊದಲಿಂದಲೂ ಹಿಂಗೇ.
ಕೇಳೋಕೆ ಬಾಯಿರಲಿಲ್ವಾ ನಿಂಗೆ?"
"ಮುಂದಿನ ವರ್ಷ ನೀನೇ ಕೇಳು."

ಉತ್ತರವಿಲ್ಲ. ಒಲೆ ಹೊತ್ತಿತ್ತು, ಗಂಟೆ ಹತ್ತಾಗಿತ್ತು.
ಅವಳು ಉಪ್ಪಿನ ಡಬ್ಬಿ ಹುಡುಕುತ್ತಿದ್ದಳು,
ಮೇಲಿನ ಹಲಗೆ, ಕೆಳಗಿನ ಹಲಗೆ, ನೀರಿನ ಕೊಡದ ಹಿಂದೆ.
ಅದು ಅವಳ ಕೈಯಲ್ಲೇ ಇತ್ತು.